ಲಿಂಫೋಮಾ ವರದಿಯ ಪ್ಲಸ್ಸು ಮೈನಸ್ಸುಗಳು, ಮತ್ತು ಗಂಟಿನೊಳಗೆ ಸಿಕ್ಕ ವೈರಸ್

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ಎಡಗುತ್ತಿಗೆಯಲ್ಲಿ ಗಂಟು ಬಂದಿತ್ತು. ಸೂಜಿ ಹಾಕಿ ಪರೀಕ್ಷಿಸಿ ‘ಗ್ರ್ಯಾನ್ಯುಲೋಮಾ ಇದೆ, ಟಿಬಿ ಇರಬಹುದು’ ಎಂದರು. ಎರಡು ತಿಂಗಳು ಟಿಬಿ ಮಾತ್ರೆ ನುಂಗಿದರೂ ಗಂಟು ಇಳಿಯಲಿಲ್ಲ, ರಾತ್ರಿ ಬೆವರು ಹೆಚ್ಚಾಯಿತು. ಕೊನೆಗೆ ಗಂಟನ್ನೇ ತೆಗೆದು ಬಯಾಪ್ಸಿಗೆ ಕಳಿಸಿದರು. ಮೊದಲ ವರದಿಯಲ್ಲಿ ‘ಹಾಡ್ಜ್‌ಕಿನ್ ಲಿಂಫೋಮಾ ಇರಬಹುದು, ಐಎಚ್‌ಸಿ ಮಾಡಿಸಿ’ ಎಂದಿತ್ತು. ಎರಡನೆಯದರಲ್ಲಿ ಹೀಗಿದೆ: ಸಿಡಿ30 ಮತ್ತು ಸಿಡಿ15 ಪಾಸಿಟಿವ್, ಪ್ಯಾಕ್ಸ್5 ದುರ್ಬಲ ಪಾಸಿಟಿವ್, ಸಿಡಿ20, ಸಿಡಿ3, ಸಿಡಿ45 ನೆಗೆಟಿವ್, ಇಬಿವಿ ಎಲ್‌ಎಂಪಿ1 ಪಾಸಿಟಿವ್, ಕ್ಲಾಸಿಕ್ ಹಾಡ್ಜ್‌ಕಿನ್ ಲಿಂಫೋಮಾ, ಮಿಕ್ಸೆಡ್ ಸೆಲ್ಯುಲಾರಿಟಿ. ಇದರ ಅರ್ಥವೇನು? ವೈರಸ್ಸಿನಿಂದಲೇ ಕ್ಯಾನ್ಸರ್ ಬಂತೇ? ಮನೆಯಲ್ಲಿ 3 ಮತ್ತು 6 ವರ್ಷದ ಮಕ್ಕಳಿದ್ದಾರೆ, ಅವರಿಗೆ ಅಂಟುತ್ತದೆಯೇ? ನಾವಾಗಿಯೇ ಮಾಡಿಸಿದ ರಕ್ತಪರೀಕ್ಷೆಯಲ್ಲೂ ಇಬಿವಿ ಐಜಿಜಿ ಪಾಸಿಟಿವ್ ಬಂದಿದೆ. ವೈರಸ್‌ಗೆ ಬೇರೆ ಮಾತ್ರೆ ಬೇಡವೇ? ಹೆಪಟೈಟಿಸ್, ಎಚ್‌ಐವಿ ಪರೀಕ್ಷೆಯನ್ನೂ ಬರೆದುಕೊಟ್ಟಿದ್ದಾರೆ, ಅದು ಏಕೆ?
— ಹಾಸನ ಜಿಲ್ಲೆಯ ಓದುಗರು

ಉತ್ತರ: ಮಕ್ಕಳ ವಿಷಯವನ್ನೇ ಮೊದಲು ಮುಗಿಸಿಬಿಡೋಣ. ಆ ಭಯ ಇಟ್ಟುಕೊಂಡು ಓದಿದರೆ ಉಳಿದದ್ದು ತಲೆಗೆ ಹತ್ತುವುದಿಲ್ಲ. ಲಿಂಫೋಮಾ, ಅಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್, ಅಂಟುರೋಗವಲ್ಲ. ಎಪ್‌ಸ್ಟೀನ್-ಬಾರ್ ವೈರಸ್, ಅಂದರೆ ಇಬಿವಿ, ಅಂಟುವಂಥದ್ದು ನಿಜ. ಆದರೆ ಅದು ನಿಮ್ಮ ಮನೆಗೆ ತಮ್ಮನಿಂದ ಹೊಸದಾಗಿ ಬರಬೇಕಾದ್ದೇನಲ್ಲ. ಎಂಜಲಿನಿಂದ ಹರಡುವ ಈ ವೈರಸ್ ಜಗತ್ತಿನ ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ಮೈಯಲ್ಲಿದೆ. ನಮ್ಮಲ್ಲಿ ಹೆಚ್ಚಿನವರಿಗೆ ಬಾಲ್ಯದಲ್ಲೇ, ಒಂದು ಸಾಮಾನ್ಯ ಜ್ವರದ ಹಾಗೆ, ಎಷ್ಟೋ ಸಲ ಗೊತ್ತೇ ಆಗದಂತೆ ಬಂದು ಕೂತಿರುತ್ತದೆ. ನಿಮ್ಮ ಮೈಯಲ್ಲೂ ಇರುವುದು ಹೆಚ್ಚುಕಡಿಮೆ ಖಂಡಿತ. ಆದ್ದರಿಂದ ತಮ್ಮನ ತಟ್ಟೆ-ಲೋಟ ಬೇರೆ ಮಾಡಬೇಡಿ, ಮಕ್ಕಳನ್ನು ಅವರ ತೊಡೆಯಿಂದ ಇಳಿಸಬೇಡಿ. ಕೀಮೊ ಶುರುವಾದ ಮೇಲೆ ಎಚ್ಚರ ಬೇಕಾಗುವುದು ತಿರುಗುಮುರುಗಾಗಿ: ಮಕ್ಕಳ ನೆಗಡಿ, ಚಿಕನ್‌ಪಾಕ್ಸ್ ಅವರಿಗೆ ತಗಲದಂತೆ ನೋಡಿಕೊಳ್ಳಬೇಕು.

ಇನ್ನು ವರದಿ. ಐಎಚ್‌ಸಿ ಎಂದರೆ ಪ್ರತಿಕಾಯಗಳನ್ನು ಬಳಸಿ ಗಂಟಿನ ಕೋಶಗಳಿಗೆ ಬಣ್ಣ ಹಿಡಿಸಿ ನೋಡುವ ಪರೀಕ್ಷೆ. ‘ಪಾಸಿಟಿವ್’ ಎಂಬ ಮಾತನ್ನು ಕಂಡಕೂಡಲೇ ಸೋಂಕು ಎಂದುಕೊಳ್ಳುವವರು ತುಂಬ ಮಂದಿ. ಇಲ್ಲಿ ಪಾಸಿಟಿವ್ ಎಂದರೆ ಬಣ್ಣ ಹಿಡಿದಿದೆ, ನೆಗೆಟಿವ್ ಎಂದರೆ ಹಿಡಿದಿಲ್ಲ, ಅಷ್ಟೇ. ಒಂದು ಪ್ಲಸ್ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ.

ಲಿಂಫೋಸೈಟ್‌ಗಳು ಸೂಕ್ಷ್ಮದರ್ಶಕದಡಿ ನೋಡಲು ಎಲ್ಲವೂ ಒಂದೇ: ಚಿಕ್ಕದು, ದುಂಡಗಿನದು, ಕಪ್ಪುನೀಲಿ. ಯಾವುದು ಬಿ ಕೋಶ, ಯಾವುದು ಟಿ ಕೋಶ, ಯಾವುದು ಎನ್‌ಕೆ ಕೋಶ ಎಂದು ಆಕಾರದಿಂದ ಹೇಳಲಾಗದು. ಆದರೆ ಪ್ರತಿ ಬಗೆಯ ಕೋಶದ ಮೈಮೇಲೂ ಒಳಗೂ ಅದರದೇ ಪ್ರೋಟೀನುಗಳಿರುತ್ತವೆ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದರು. ಆಮೇಲೆ ಒಂದೊಂದು ಪ್ರಯೋಗಾಲಯವೂ ತನ್ನದೇ ಪ್ರತಿಕಾಯ, ತನ್ನದೇ ಹೆಸರು ಎಂದು ಗೊಂದಲವಾದಾಗ 1982ರಲ್ಲಿ ಪ್ಯಾರಿಸ್‌ನಲ್ಲಿ ಸೇರಿ ಸಿಡಿ ನಂಬರು ಕೊಡುವ ಪದ್ಧತಿ ತಂದರು. ಸಿಡಿ30 ಎನ್ನುವುದು ಸಿಡಿ15ಕ್ಕಿಂತ ಎರಡು ಪಟ್ಟು ಏನೂ ಅಲ್ಲ, ಪಟ್ಟಿಯಲ್ಲಿ ಬಿದ್ದ ಕ್ರಮಸಂಖ್ಯೆ ಮಾತ್ರ. ಸಿಡಿ20 ಬಿ ಕೋಶದ ಗುರುತು, ಸಿಡಿ3 ಟಿ ಕೋಶದ್ದು, ಸಿಡಿ45 ಹೆಚ್ಚುಕಡಿಮೆ ಎಲ್ಲ ಬಿಳಿ ರಕ್ತಕಣಗಳದ್ದು, ಸಿಡಿ56 ಎನ್‌ಕೆ ಕೋಶದ್ದು. ಪ್ಯಾಕ್ಸ್5 ಸಿಡಿ ಅಲ್ಲ. ಬಿ ಕೋಶದ ಕೇಂದ್ರದೊಳಗೆ ಕೂತು ‘ನೀನು ಬಿ ಕೋಶ’ ಎಂದು ಹೇಳುತ್ತಿರುವ ಪ್ರೋಟೀನು.

ಈಗ ನಿಮ್ಮ ತಮ್ಮನ ಸ್ಲೈಡನ್ನು ಕಣ್ಣ ಮುಂದೆ ತಂದುಕೊಳ್ಳಿ. ಗಂಟಿನ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್‌ನಿಂದ 3-4 ಮೈಕ್ರಾನ್ ದಪ್ಪದ ಪದರ ಕೊಯ್ದು ಗಾಜಿಗೆ ಅಂಟಿಸಿ, ಮೇಣ ತೆಗೆದು, ಸಿಟ್ರೇಟ್ ಅಥವಾ ಇಡಿಟಿಎ ದ್ರಾವಣದಲ್ಲಿ ಕುದಿಸಿರುತ್ತಾರೆ. ಅನೇಕ ಲ್ಯಾಬುಗಳಲ್ಲಿ ಇದಕ್ಕೆ ಬಳಸುವುದು ಅಡುಗೆಮನೆಯದೇ ಪ್ರೆಷರ್ ಕುಕ್ಕರ್. ತುಣುಕು ಕೊಳೆಯದಂತೆ ಹಾಕುವ ಫಾರ್ಮಲಿನ್ ದ್ರಾವಣ ಕಟ್ಟಿಹಾಕಿದ್ದ ಪ್ರೋಟೀನುಗಳು ಆಗ ಬಿಡಿಸಿಕೊಳ್ಳುತ್ತವೆ. ಮೇಲೆ ಪ್ರತಿಕಾಯ, ಅದರ ಮೇಲೆ ಕಿಣ್ವ ಹೊತ್ತ ಎರಡನೇ ಪದರ, ಕೊನೆಗೆ ಡಿಎಬಿ ಎಂಬ ರಾಸಾಯನಿಕ. ಗುರಿ ಇದ್ದಲ್ಲಿ ಕಂದುಬಣ್ಣ, ಇಲ್ಲದಲ್ಲಿ ಬರೀ ನೀಲಿ. ಒಂದು ಪ್ರತಿಕಾಯಕ್ಕೆ ಒಂದು ಸ್ಲೈಡು. ಏಳು ಮಾರ್ಕರ್ (ಗುರುತಿನ ಪ್ರೋಟೀನು) ಎಂದರೆ ಏಳು ಸ್ಲೈಡು. ಎರಡನೇ ವರದಿ ತಡವಾಗಿ ಬರುವುದು ಇದಕ್ಕೇ.

ಆ ಗಂಟಿನಲ್ಲಿ ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ನೂರಕ್ಕೆ ಒಂದರ ಆಸುಪಾಸು ಮಾತ್ರ. ಇವೇ ರೀಡ್-ಸ್ಟರ್ನ್‌ಬರ್ಗ್ ಕೋಶಗಳು ಮತ್ತು ಅವುಗಳ ಒಂಟಿ ಕೇಂದ್ರದ ತಮ್ಮಂದಿರು: ಪಕ್ಕದ ಲಿಂಫೋಸೈಟಿಗಿಂತ ನಾಲ್ಕೈದು ಪಟ್ಟು ಅಗಲ, ಜೋಡಿ ಕೇಂದ್ರ, ಒಳಗೆ ಗೂಬೆಯ ಕಣ್ಣಿನಂತೆ ನೆಟ್ಟು ನೋಡುವ ಎರಡು ಕೆಂಪು ಬೊಟ್ಟು. ಉಳಿದ ತೊಂಬತ್ತೊಂಬತ್ತು ಪಾಲು ಅವು ಕರೆಸಿಕೊಂಡ ಜಾತ್ರೆ: ಟಿ ಕೋಶ, ಇಯೊಸಿನೋಫಿಲ್, ಪ್ಲಾಸ್ಮಾ ಕೋಶ, ಹಿಸ್ಟಿಯೊಸೈಟ್. ಮಿಕ್ಸೆಡ್ ಸೆಲ್ಯುಲಾರಿಟಿ ಎಂದರೆ ಈ ಬೆರಕೆ ಜನಸಂದಣಿ. ಆದ್ದರಿಂದ ವರದಿಯ ಪ್ಲಸ್ಸು ಮೈನಸ್ಸು ಇಡೀ ಗಂಟಿನದಲ್ಲ, ಆ ನೂರರಲ್ಲಿ ಒಂದರದ್ದು. ಓದುವ ಕಣ್ಣು ಸರಿಯಾದ ಕೋಶದ ಮೇಲೆ ನಿಂತಿರಬೇಕು. ತಪ್ಪುಗಳು ನಡೆಯುವುದೂ ಇಲ್ಲಿಯೇ.

ಉದಾಹರಣೆಗೆ ಸಿಡಿ3. ದೊಡ್ಡ ಕೋಶವನ್ನು ಚಿಕ್ಕ ಟಿ ಕೋಶಗಳು ಸೇವಂತಿಗೆ ಎಸಳಿನ ಹಾಗೆ ಸುತ್ತುವರಿದು ಒತ್ತಿಕೊಂಡಿರುತ್ತವೆ. ಅವುಗಳ ಪೊರೆ ಕಂದಾಗುತ್ತದೆ. ಅವಸರದಲ್ಲಿ ನೋಡಿದವರಿಗೆ ಆ ಕಂದು ಉಂಗುರ ದೊಡ್ಡ ಕೋಶದ್ದೇ ಎನಿಸಿ, ಹಾಡ್ಜ್‌ಕಿನ್ ಹೋಗಿ ಟಿ ಕೋಶದ ಲಿಂಫೋಮಾ ಆಗಿಬಿಡುತ್ತದೆ. ಸಿಡಿ45ರಲ್ಲೂ ಇದೇ ಕಾಟ. ದೊಡ್ಡ ಕೋಶವೊಂದು ಇನ್ನೊಂದು ದೊಡ್ಡ ಕೋಶಕ್ಕೆ ತಾಗಿ ನಿಂತ ಜಾಗ ಹುಡುಕಿ, ಎರಡರ ನಡುವಿನ ಗೆರೆ ಕಂದೋ ನೀಲಿಯೋ ಎಂದು ನೋಡುವುದೇ ಇದಕ್ಕೆ ಉಪಾಯ.

ಸಿಡಿ30 ನಿಜವಾದ ರೀಡ್-ಸ್ಟರ್ನ್‌ಬರ್ಗ್ ಕೋಶದಲ್ಲಿ ಪೊರೆಯುದ್ದಕ್ಕೂ ಗೆರೆಯಾಗಿ ಬರುತ್ತದೆ, ಜೊತೆಗೆ ಕೇಂದ್ರದ ಪಕ್ಕ ಒಂದು ಚುಕ್ಕೆಯೂ ಬೀಳುತ್ತದೆ. ಆದರೆ ವೈರಲ್ ಜ್ವರದಲ್ಲಿ ಕೆರಳಿದ ಸಾಧಾರಣ ಕೋಶಗಳೂ ಸಿಡಿ30 ತೋರಿಸುತ್ತವೆ; ಒಂದೇ ಮಾರ್ಕರ್ ನಂಬಿ ಹಾಡ್ಜ್‌ಕಿನ್ ಎನ್ನುವಂತಿಲ್ಲ. ಸಿಡಿ15 ಕ್ಲಾಸಿಕ್ ಹಾಡ್ಜ್‌ಕಿನ್‌ನ ನಾಲ್ಕರಲ್ಲಿ ಸುಮಾರು ಮೂರು ಪ್ರಕರಣಗಳಲ್ಲಿ ಬಣ್ಣ ಹಿಡಿಯುತ್ತದೆ, ಹಿಡಿಯದಿದ್ದರೆ ರೋಗ ಇಲ್ಲ ಎಂದಲ್ಲ. ಪ್ಯಾಕ್ಸ್5 ‘ದುರ್ಬಲ’ ಎಂಬ ಮಾತು ನಿಮಗೆ ಅನುಮಾನ ತಂದಿರಬಹುದು, ಆದರೆ ವರದಿಯಲ್ಲಿ ಅತ್ಯಂತ ಭರವಸೆಯ ಪದ ಅದೇ. ಪಕ್ಕದಲ್ಲಿರುವ ಆರೋಗ್ಯವಂತ ಚಿಕ್ಕ ಬಿ ಕೋಶಗಳ ಕೇಂದ್ರ ಗಾಢ ಕಂದು, ದೊಡ್ಡ ಕೋಶದ್ದು ತೆಳು ಕಂದು: ಈ ವ್ಯತ್ಯಾಸ ಕಂಡರೆ ಇದು ತನ್ನ ಬಿ ಕೋಶದ ಗುರುತುಗಳನ್ನು ಒಂದೊಂದಾಗಿ ಕಳಚಿಕೊಂಡ ಬಿ ಕೋಶ ಎಂದಾಯಿತು. ಸಿಡಿ20 ಇಲ್ಲವಾಗಿರುವುದೂ ಆ ಕಳಚುವಿಕೆಯ ಭಾಗವೇ. ಅದೇ ಸಿಡಿ20 ಎಲ್ಲ ದೊಡ್ಡ ಕೋಶಗಳಲ್ಲೂ ಒಂದೇ ಸಮನೆ ಗಾಢವಾಗಿದ್ದಿದ್ದರೆ ಬೇರೆ ಬಗೆಯ ಲಿಂಫೋಮಾ ಯೋಚಿಸಬೇಕಿತ್ತು. ಪ್ಯಾಕ್ಸ್5 ಪೂರ್ತಿ ಇಲ್ಲದೆ ಸಿಡಿ30 ಗಾಢವಾಗಿದ್ದರೆ ಅನಾಪ್ಲಾಸ್ಟಿಕ್ ಟಿ ಕೋಶದ ಲಿಂಫೋಮಾ ಇರಬಹುದೆಂದು ಎಎಲ್‌ಕೆ ಪರೀಕ್ಷೆ ಮಾಡಬೇಕಿತ್ತು. ನಿಮ್ಮ ತಮ್ಮನ ವರದಿಯ ಮಾದರಿ ಪುಸ್ತಕದಲ್ಲಿ ಬರೆದಿಟ್ಟ ಹಾಗಿದೆ. ಇದರಲ್ಲಿ ತಕರಾರು ತೆಗೆಯಲು ಏನೂ ಕಾಣುತ್ತಿಲ್ಲ.

ಮಾರ್ಕರ್ ಕೆಡಲು ಮುಖ್ಯ ಕಾರಣ ಪ್ರತಿಕಾಯವಲ್ಲ, ಆಪರೇಷನ್ ಥಿಯೇಟರಿನ ಬಾಟಲಿ. ಇಡೀ ಗಂಟನ್ನು ಕೊಯ್ಯದೆ ಚಿಕ್ಕ ಡಬ್ಬಿಯಲ್ಲಿ ತುಸುವೇ ಫಾರ್ಮಲಿನ್ ಹಾಕಿ ಮುಚ್ಚಿಟ್ಟರೆ ಅಂಚು ಮಾತ್ರ ಗಟ್ಟಿಯಾಗುತ್ತದೆ, ನಡುವೆ ಕೊಳೆಯುತ್ತದೆ. ಗಂಟನ್ನು 3-4 ಮಿಲಿಮೀಟರ್ ಹೋಳು ಮಾಡಿ, ಅದರ ಗಾತ್ರದ ಕನಿಷ್ಠ ಹತ್ತು ಪಟ್ಟು, ಶೇ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ ಸುಮಾರು 24 ಗಂಟೆ ಇಡಬೇಕು. ಶನಿವಾರ ಸಂಜೆ ತೆಗೆದ ಗಂಟು ಸಲೈನ್‌ನಲ್ಲಿ ತೇಲುತ್ತ ಸೋಮವಾರ ಲ್ಯಾಬ್ ತಲುಪಿದರೆ ಯಾವ ಮಾರ್ಕರನ್ನೂ ನಂಬುವಂತಿಲ್ಲ. ಅದಕ್ಕೇ ಒಳ್ಳೆಯ ವರದಿ ಬರೆಯುವವರು ಸ್ಲೈಡಿನ ಒಳಗಿನ ಸಾಕ್ಷಿ ಕೇಳುತ್ತಾರೆ. ಸಿಡಿ20 ನೆಗೆಟಿವ್ ಎನ್ನುವ ಮೊದಲು ಪಕ್ಕದ ಚಿಕ್ಕ ಬಿ ಕೋಶಗಳು ಕಂದಾಗಿವೆಯೇ? ಸಿಡಿ15 ನೆಗೆಟಿವ್ ಎನ್ನುವ ಮೊದಲು ನ್ಯೂಟ್ರೋಫಿಲ್‌ಗಳು ಕಂದಾಗಿವೆಯೇ? ಅವೂ ನೀಲಿಯಾಗಿದ್ದರೆ ಅದು ನೆಗೆಟಿವ್ ಅಲ್ಲ, ಪರೀಕ್ಷೆ ನಡೆದೇ ಇಲ್ಲ.

ಬೇರೆ ಲಿಂಫೋಮಾಗಳಲ್ಲೂ ನೋಡುವುದು ಮಾದರಿಯನ್ನೇ, ಬಿಡಿ ಮಾರ್ಕರನ್ನಲ್ಲ. ಬಿ ಕೋಶದ ಮೇಲೆ ಇರಬಾರದ ಸಿಡಿ5 ಕಂಡರೆ ಎರಡು ದಾರಿ: ಸಿಡಿ23 ಇದ್ದರೆ ಸಿಎಲ್‌ಎಲ್ (ನಿಧಾನವಾಗಿ ಬೆಳೆಯುವ ಒಂದು ರಕ್ತದ ಕ್ಯಾನ್ಸರ್), ಅದಿಲ್ಲದೆ ಸೈಕ್ಲಿನ್ ಡಿ1 ಇದ್ದರೆ ಮ್ಯಾಂಟಲ್ ಕೋಶದ ಲಿಂಫೋಮಾ. ಸಿಡಿ10 ಜೊತೆ ಬಿಸಿಎಲ್2 ಇದ್ದು ಕೋಶ ನಿಧಾನವಾಗಿ ಬೆಳೆಯುತ್ತಿದ್ದರೆ ಫಾಲಿಕ್ಯುಲರ್. ಸಿಡಿ10 ಇದ್ದು ಬಿಸಿಎಲ್2 ಇಲ್ಲದೆ, ಕವಲೊಡೆಯುತ್ತಿರುವ ಕೋಶಗಳ ಗುರುತಾದ ಕೆಐ-67 ನೂರಕ್ಕೆ ನೂರು ಮುಟ್ಟಿದ್ದರೆ ಬರ್ಕಿಟ್. ಇವುಗಳಲ್ಲಿ ಹಲವನ್ನು, ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ನೋಡುವ ಫ್ಲೋ ಸೈಟೊಮೆಟ್ರಿ ಯಂತ್ರದಲ್ಲಿ ಒಂದೇ ದಿನದಲ್ಲಿ ಗುರುತಿಸಬಹುದು. ಅದಕ್ಕೆ ಫಾರ್ಮಲಿನ್ ತಾಗದ ಹಸಿ ತುಣುಕು ಬೇಕು, ಕೋಶಗಳು ಇನ್ನೂ ಜೀವಂತ ಇರಬೇಕು. ಹಾಡ್ಜ್‌ಕಿನ್‌ಗೆ ಮಾತ್ರ ಆ ಯಂತ್ರ ಅಷ್ಟಾಗಿ ಆಗಿಬರುವುದಿಲ್ಲ: ದೊಡ್ಡ ಕೋಶಗಳು ಕಡಿಮೆ, ಸುತ್ತಲ ಟಿ ಕೋಶಗಳಿಗೆ ಅಂಟಿಕೊಂಡಿರುತ್ತವೆ, ಬೇರ್ಪಡಿಸುವಾಗ ಒಡೆದುಹೋಗುತ್ತವೆ. ‘ಫ್ಲೋ ನಾರ್ಮಲ್’ ಎಂದು ಬಂದರೂ ಹಾಡ್ಜ್‌ಕಿನ್ ಇಲ್ಲ ಎನ್ನಲಾಗದು.

ಈಗ ವೈರಸ್. ಕಥೆ ಶುರುವಾಗುವುದು ಉಗಾಂಡದಲ್ಲಿ. ಕಂಪಾಲಾದ ಮುಲಾಗೊ ಆಸ್ಪತ್ರೆಯ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1958ರಲ್ಲಿ ಮಕ್ಕಳ ದವಡೆಯಲ್ಲಿ ಬೆಳೆಯುವ ವಿಚಿತ್ರ ಗೆಡ್ಡೆಯನ್ನು ವರ್ಣಿಸಿದರು. 1961ರಲ್ಲಿ ಇಬ್ಬರು ಜೊತೆಗಾರರೊಂದಿಗೆ ಹಳೆಯ ಸ್ಟೇಷನ್ ವ್ಯಾಗನ್ ಹತ್ತಿ ಆಫ್ರಿಕಾದಲ್ಲಿ ಸುಮಾರು 10,000 ಮೈಲಿ ಸುತ್ತಿ, ಈ ಗೆಡ್ಡೆ ಎಲ್ಲೆಲ್ಲಿದೆ ಎಂದು ನಕ್ಷೆ ಮಾಡಿದರು: ಬೆಚ್ಚಗೆ ಇದ್ದು ಮಳೆ ಹೆಚ್ಚು ಬೀಳುವ, ಅಂದರೆ ಮಲೇರಿಯಾ ಬಿಡದೆ ಕಾಡುವ ಸೀಮೆ. ಅದೇ ವರ್ಷ ಲಂಡನ್‌ನಲ್ಲಿ ಅವರ ಉಪನ್ಯಾಸ ಕೇಳಿದ ಆಂಥೊನಿ ಎಪ್‌ಸ್ಟೀನ್ ಇದರ ಹಿಂದೆ ವೈರಸ್ ಇರಬೇಕೆಂದು ಊಹಿಸಿ ಗೆಡ್ಡೆಯ ತುಣುಕುಗಳನ್ನು ತರಿಸಿಕೊಳ್ಳತೊಡಗಿದರು. 1964ರಲ್ಲಿ ಎಪ್‌ಸ್ಟೀನ್, ಬರ್ಟ್ ಅಚಾಂಗ್, ಇವೊನ್ ಬಾರ್ ಸೇರಿ, ಪ್ರಯೋಗಾಲಯದಲ್ಲಿ ಬೆಳೆಸಿದ ಆ ಕೋಶಗಳೊಳಗೆ ಹರ್ಪಿಸ್ ಜಾತಿಯ ವೈರಸ್ಸನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಮನುಷ್ಯನ ಕ್ಯಾನ್ಸರಿನಲ್ಲಿ ಸಿಕ್ಕ ಮೊದಲ ವೈರಸ್ ಅದು.

ಇಬಿವಿ ಬಿ ಕೋಶವನ್ನೇ ಏಕೆ ಹಿಡಿಯುತ್ತದೆ? ಅದು ಅಂಟಿಕೊಳ್ಳುವ ಕೊಕ್ಕೆ ಸಿಡಿ21, ಅದು ಮುಖ್ಯವಾಗಿ ಇರುವುದು ಬಿ ಕೋಶದ ಮೇಲೆ. ಲಿಂಫೋಮಾದ ಬಗೆಗೂ ವೈರಸ್ಸಿಗೂ ಇರುವ ನಂಟಿನ ಗುಟ್ಟು ಬಹುಮಟ್ಟಿಗೆ ಇಷ್ಟೇ: ವೈರಸ್ ಯಾವ ಕೋಶದ ಬಾಗಿಲು ತೆರೆಯಬಲ್ಲದೋ, ಲಿಂಫೋಮಾ ಆ ಕೋಶದ್ದು. ಒಳಹೊಕ್ಕ ವೈರಸ್ ಕೊಲ್ಲುವುದಿಲ್ಲ. ನೆನಪಿನ ಬಿ ಕೋಶಗಳಲ್ಲಿ, ಹತ್ತು ಲಕ್ಷಕ್ಕೆ ಒಂದರಿಂದ ಐವತ್ತು ಕೋಶಗಳಲ್ಲಿ, ಜೀವನಪೂರ್ತಿ ಮಲಗಿರುತ್ತದೆ.

ಹಾಗಾದರೆ ನಿಮ್ಮ ತಮ್ಮನಿಗೆ ಕ್ಯಾನ್ಸರ್ ತಂದದ್ದು ಅದೇ ತಾನೆ? ದುಗ್ಧಗ್ರಂಥಿಯೊಳಗೆ ಬಿ ಕೋಶಗಳು ತಮ್ಮ ಪ್ರತಿಕಾಯದ ಜೀನನ್ನು ಬೇಕೆಂದೇ ತಿದ್ದಿಕೊಳ್ಳುತ್ತಿರುತ್ತವೆ. ತಿದ್ದುವಾಗ ಕೆಟ್ಟ ಕೋಶ ಸಾಯಬೇಕು ಎಂಬುದು ನಿಯಮ. 1990ರ ದಶಕದಲ್ಲಿ ಸ್ಲೈಡಿನಿಂದ ರೀಡ್-ಸ್ಟರ್ನ್‌ಬರ್ಗ್ ಕೋಶಗಳನ್ನು ಒಂದೊಂದಾಗಿ ಹೆಕ್ಕಿ ಜೀನು ಓದಿದಾಗ, ಇವು ಸಾಯಬೇಕಾಗಿದ್ದೂ ಸಾಯದೆ ಉಳಿದ ಬಿ ಕೋಶಗಳೆಂದು ತಿಳಿಯಿತು. ಉಳಿಸಿದ್ದು ಯಾರು? ವರದಿಯಲ್ಲಿರುವ ಎಲ್‌ಎಂಪಿ1 ವೈರಸ್ಸಿನದೇ ಪ್ರೋಟೀನು. ‘ಬದುಕು’ ಎಂದು ಹೇಳುವ ಸಿಡಿ40ರ ವೇಷ ಹಾಕಿ ಕೋಶದ ಪೊರೆಯಲ್ಲಿ ನಿಂತು, ಯಾರೂ ಒತ್ತದಿದ್ದರೂ ಸದಾ ಒತ್ತಿಯೇ ಇರುವ ಕರೆಗಂಟೆಯಂತೆ ಎನ್‌ಎಫ್-ಕಪ್ಪಾಬಿ ಎಂಬ ವ್ಯವಸ್ಥೆಯನ್ನು ಎಬ್ಬಿಸಿಟ್ಟಿರುತ್ತದೆ. ಇಬಿವಿ ಇಲ್ಲದ ಹಾಡ್ಜ್‌ಕಿನ್‌ನಲ್ಲೂ ಇದೇ ವ್ಯವಸ್ಥೆ ಎದ್ದಿರುತ್ತದೆ, ಅಲ್ಲಿ ಕೆಲಸ ಮಾಡಿರುವುದು ಕೋಶದ ಸ್ವಂತ ಜೀನುಗಳ ಹಾನಿ. ವೈರಸ್ ಆಮೇಲೆ ಬಂದು ಸೇರಿಕೊಂಡ ಅತಿಥಿಯಲ್ಲ ಎಂಬುದಕ್ಕೂ ಸಾಕ್ಷಿ ಇದೆ. ಕೋಶದೊಳಗೆ ಇಬಿವಿಯ ಡಿಎನ್‌ಎ ಉಂಗುರವಾಗಿ ಸುತ್ತಿಕೊಳ್ಳುವಾಗ ಅದರ ತುದಿಯ ಉದ್ದ ಪ್ರತಿ ಸೋಂಕಿನಲ್ಲೂ ಬೇರೆ ಬೇರೆ ಆಗುತ್ತದೆ. ಒಂದು ಗೆಡ್ಡೆಯ ಕೋಶಗಳಲ್ಲಿ ಮಾತ್ರ ಅದು ಒಂದೇ ಉದ್ದ. ಅಂದರೆ ಮೊದಲ ಕೋಶ ಕವಲೊಡೆಯುವ ಮೊದಲೇ ವೈರಸ್ ಒಳಗಿತ್ತು.

ಆದ್ದರಿಂದ ‘ವೈರಸ್ಸಿಗೂ ಕೈ ಇದೆ, ಆದರೆ ಅದೊಂದರದೇ ಕೈಯಲ್ಲ’ ಎನ್ನುವುದು ಸರಿಯಾದ ಉತ್ತರ. ವೈರಸ್ ಊರಿಗೆಲ್ಲ ಇದೆ, ಹಾಡ್ಜ್‌ಕಿನ್ ಬರುವುದು ಅಪರೂಪಕ್ಕೆ. ಪಾಶ್ಚಾತ್ಯ ದೇಶಗಳಲ್ಲಿ ಕ್ಲಾಸಿಕ್ ಹಾಡ್ಜ್‌ಕಿನ್‌ನ ಮೂರನೇ ಒಂದರಿಂದ ಅರ್ಧದಷ್ಟು ಪ್ರಕರಣಗಳಲ್ಲಿ ಇಬಿವಿ ಸಿಗುತ್ತದೆ. ಭಾರತದಲ್ಲಿ, ಅದರಲ್ಲೂ ಮಕ್ಕಳಲ್ಲಿ, ಈ ಪಾಲು ಸಾಕಷ್ಟು ಹೆಚ್ಚು. ಮಿಕ್ಸೆಡ್ ಸೆಲ್ಯುಲಾರಿಟಿಯಲ್ಲಿ ಅದು ಕಾಣುವುದು ನಿರೀಕ್ಷಿತವೇ.

ನೀವು ಹೊರಗೆ ಮಾಡಿಸಿದ ಐಜಿಜಿ ಪರೀಕ್ಷೆಯ ಬಗ್ಗೆ ಖಾರವಾಗಿಯೇ ಹೇಳಬೇಕು: ಹಣ ದಂಡ. ಅದು ‘ಎಂದೋ ಒಮ್ಮೆ ಈ ವೈರಸ್ ಬಂದಿತ್ತು’ ಎನ್ನುತ್ತದೆ. ವಯಸ್ಕರಲ್ಲಿ ಯಾರ ರಕ್ತ ತೆಗೆದರೂ ಹೆಚ್ಚುಕಡಿಮೆ ಅದೇ ಉತ್ತರ. ಲಿಂಫೋಮಾದ ಪ್ರಶ್ನೆ ಬಂದಾಗ ವೈರಸ್ ಕಾಣಬೇಕಾದದ್ದು ರಕ್ತದಲ್ಲಲ್ಲ, ಕ್ಯಾನ್ಸರ್ ಕೋಶದೊಳಗೆ. ಅದಕ್ಕೆ ಎರಡು ದಾರಿ. ಒಂದು, ನಿಮ್ಮ ವರದಿಯಲ್ಲಿರುವ ಎಲ್‌ಎಂಪಿ1 ಪ್ರತಿಕಾಯ; ಅಗ್ಗ, ಸುಲಭ, ಹಾಡ್ಜ್‌ಕಿನ್‌ಗೆ ಸಾಕು. ಇನ್ನೊಂದು ಇಬರ್. ಇದು ಪ್ರೋಟೀನು ಆಗದ ವೈರಸ್ ಆರ್‌ಎನ್‌ಎ. ಮಲಗಿರುವ ವೈರಸ್ಸೂ ಇದನ್ನು ಕೋಶವೊಂದಕ್ಕೆ ಲಕ್ಷಗಟ್ಟಲೆ ಪ್ರತಿ ಮಾಡಿರುತ್ತದೆ. ಜೋಡಿಯಾಗುವ ಪ್ರೋಬ್ ಹಾಕಿದರೆ ಕೋಶಕೇಂದ್ರ ಮಾತ್ರ ಗಾಢವಾಗಿ ಬಣ್ಣ ಹಿಡಿಯುತ್ತದೆ.

ಎರಡೂ ಏಕೆ ಬೇಕು ಎಂದರೆ, ವೈರಸ್ ಒಂದೊಂದು ಲಿಂಫೋಮಾದಲ್ಲಿ ಒಂದೊಂದಷ್ಟು ಮುಖ ತೋರಿಸುತ್ತದೆ. ಬರ್ಕಿಟ್‌ನಲ್ಲಿ ಅದು ಎಲ್‌ಎಂಪಿ1 ಮಾಡುವುದೇ ಇಲ್ಲ. ಎಲ್‌ಎಂಪಿ1 ಹಾಕಿ ‘ಇಬಿವಿ ನೆಗೆಟಿವ್’ ಎಂದು ಬರೆದರೆ ತಪ್ಪು. ಹಾಡ್ಜ್‌ಕಿನ್‌ನಲ್ಲಿ ಎಲ್‌ಎಂಪಿ1 ಗಾಢ. ಕಿಡ್ನಿ ಕಸಿ ಮಾಡಿಸಿಕೊಂಡು ಪ್ರತಿರೋಧ ತಗ್ಗಿಸುವ ಮಾತ್ರೆಯಲ್ಲಿರುವವರ ಲಿಂಫೋಮಾದಲ್ಲಿ ಕಾವಲುಗಾರರೇ ಇಲ್ಲದ್ದರಿಂದ ವೈರಸ್ ಎಲ್ಲ ಪ್ರೋಟೀನುಗಳನ್ನೂ ರಾಜಾರೋಷವಾಗಿ ತೋರಿಸುತ್ತದೆ. ಅಲ್ಲಿ ಆ ಮಾತ್ರೆಯ ಪ್ರಮಾಣ ಇಳಿಸಿದರೆ ಕೆಲವೊಮ್ಮೆ ಗೆಡ್ಡೆಯೇ ಕರಗುತ್ತದೆ. ಇಬರ್ ಮಾತ್ರ ಈ ಮೂರರಲ್ಲೂ ಸಿಗುತ್ತದೆ. ಅದರ ಕಷ್ಟ ಬೇರೆ: ಆರ್‌ಎನ್‌ಎ ಬೇಗ ಹಾಳಾಗುತ್ತದೆ. ಸರಿಯಾಗಿ ಫಾರ್ಮಲಿನ್ ಕಾಣದ ಅಥವಾ ಆಮ್ಲದಲ್ಲಿ ಸುಣ್ಣ ಕರಗಿಸಿದ ಅಸ್ಥಿಮಜ್ಜೆಯ ತುಣುಕಿನಲ್ಲಿ ‘ಇಬರ್ ನೆಗೆಟಿವ್’ ಬಂದರೆ, ಕೋಶದ ಸ್ವಂತ ಆರ್‌ಎನ್‌ಎಗೆ ಹಾಕಿದ ಕಂಟ್ರೋಲ್ ಸ್ಲೈಡಾದರೂ ಬಣ್ಣ ಹಿಡಿದಿದೆಯೇ ಎಂದು ಕೇಳಬೇಕು. ಇದರ ತದ್ವಿರುದ್ಧ ತಪ್ಪೂ ಇದೆ. ಅಲ್ಲೊಂದು ಇಲ್ಲೊಂದು ಚಿಕ್ಕ ಲಿಂಫೋಸೈಟ್ ಇಬರ್ ತೋರಿಸಿದರೆ ಅದು ಆಗಲೇ ಹೇಳಿದ ಮಲಗಿರುವ ವೈರಸ್, ಲಿಂಫೋಮಾ ಅಲ್ಲ.

ಹದಿಹರೆಯದವರಲ್ಲಿ ಇನ್ನೂ ದೊಡ್ಡ ಬಲೆ ಇದೆ. ಆ ವಯಸ್ಸಿನಲ್ಲಿ ಮೊದಲ ಸಲ ಇಬಿವಿ ತಗುಲಿದರೆ ಮಾನೊನ್ಯೂಕ್ಲಿಯೋಸಿಸ್ ಎಂಬ ಜ್ವರ, ಗಂಟಲುನೋವು, ಕುತ್ತಿಗೆ ಗಂಟು ಬರಬಹುದು. ಆ ಗಂಟು ಕೊಯ್ದು ನೋಡಿದರೆ ರೀಡ್-ಸ್ಟರ್ನ್‌ಬರ್ಗ್ ಕೋಶವನ್ನೇ ಹೋಲುವ ದೊಡ್ಡ ಕೋಶಗಳು, ಸಿಡಿ30 ಪಾಸಿಟಿವ್, ಇಬರ್ ಪಾಸಿಟಿವ್! ಕಾಪಾಡುವುದು ಉಳಿದ ಮಾರ್ಕರುಗಳು: ಅಲ್ಲಿ ಸಿಡಿ20, ಪ್ಯಾಕ್ಸ್5 ಗಾಢವಾಗಿರುತ್ತವೆ, ಸಿಡಿ15 ಇರುವುದಿಲ್ಲ, ಇಬರ್ ಚಿಕ್ಕ, ನಡು, ದೊಡ್ಡ ಎಲ್ಲ ಗಾತ್ರದ ಕೋಶಗಳಲ್ಲೂ ಚದುರಿರುತ್ತದೆ. ಹೊಸ ಸೋಂಕನ್ನು ತೋರುವ ಐಜಿಎಂ ರಕ್ತಪರೀಕ್ಷೆ ಉಪಯೋಗಕ್ಕೆ ಬರುವುದು ಇಲ್ಲಿ.

ಉಳಿದ ವೈರಸ್‌ಗಳನ್ನು ಬೇಗ ನೋಡಿ ಮುಗಿಸುತ್ತೇವೆ. ಎಚ್‌ಟಿಎಲ್‌ವಿ-1 ಸೇರುವುದು ಸಿಡಿ4 ಟಿ ಕೋಶಕ್ಕೆ. ನೈಋತ್ಯ ಜಪಾನ್, ಕೆರಿಬಿಯನ್ ದ್ವೀಪಗಳಲ್ಲಿ ಇದು ಹೆಚ್ಚು. ಮುಖ್ಯವಾಗಿ ಎದೆಹಾಲಿನಿಂದ ತಾಯಿಯಿಂದ ಮಗುವಿಗೆ ಹೋಗಿ, ದಶಕಗಳ ಮೇಲೆ ನೂರಕ್ಕೆ ಎರಡರಿಂದ ಐದು ಮಂದಿಗೆ ಸಿಡಿ4, ಸಿಡಿ25 ಹೊತ್ತ, ಹೂವಿನಂತೆ ಎಸಳೊಡೆದ ಕೇಂದ್ರದ ಟಿ ಕೋಶದ ಲುಕೇಮಿಯಾ-ಲಿಂಫೋಮಾ ತರುತ್ತದೆ. ಎಚ್‌ಎಚ್‌ವಿ-8 ತರುವ ಲಿಂಫೋಮಾ ಗಂಟಾಗಿ ಅಲ್ಲ, ಎದೆ-ಹೊಟ್ಟೆಯ ನೀರಿನಲ್ಲಿ ತೇಲುತ್ತ ಬರುತ್ತದೆ: ಸಿಡಿ20 ಇಲ್ಲ, ಸಿಡಿ138 ಇದೆ. ಮೂಗಿನ ಹಿಂದೆ ಕೊರೆದುಕೊಂಡು ಹೋಗುವ ಎನ್‌ಕೆ/ಟಿ ಲಿಂಫೋಮಾದಲ್ಲಿ ಸಿಡಿ56 ಸಾಮಾನ್ಯವಾಗಿ ಇರುತ್ತದೆ, ಇಬರ್ ಇರಲೇಬೇಕು. ಅಲ್ಲಿ ಪ್ಲಾಸ್ಮಾದಲ್ಲಿ ಇಬಿವಿ ಡಿಎನ್‌ಎ ಎಣಿಕೆ ಚಿಕಿತ್ಸೆಯ ದಾರಿ ತೋರುವಷ್ಟು ಬೆಲೆಯುಳ್ಳದ್ದು. ಹೆಪಟೈಟಿಸ್ ಸಿ ಬೇರೆ ಜಾತಿಯ ಆಟ ಆಡುತ್ತದೆ: ಕೋಶದ ಒಳಗೆ ಕೂರುವುದಕ್ಕಿಂತ ವರ್ಷಗಟ್ಟಲೆ ಹೊರಗಿನಿಂದ ಕೆಣಕುತ್ತದೆ. 2002ರಲ್ಲಿ ಫ್ರಾನ್ಸಿನ ವೈದ್ಯರು ಗುಲ್ಮದ ಲಿಂಫೋಮಾ ಇದ್ದ, ಹೆಪಟೈಟಿಸ್ ಸಿ ಸೋಂಕಿತರಾದ ಒಂಬತ್ತು ಮಂದಿಗೆ ಇಂಟರ್‌ಫೆರಾನ್ ಕೊಟ್ಟರು. ವೈರಸ್ ಹೋದ ಏಳು ಮಂದಿಯಲ್ಲಿ ಲಿಂಫೋಮಾವೂ ಇಳಿಯಿತು; ವೈರಸ್ ಇಲ್ಲದ ಅದೇ ಬಗೆಯ ರೋಗಿಗಳಲ್ಲಿ ಇಳಿಯಲಿಲ್ಲ. ವೈರಸ್ ಓಡಿಸಿದರೆ ಲಿಂಫೋಮಾ ಹೋಗುವುದು ಇಂಥ ಕೆಲವೇ ಕಡೆ.

ಹಾಡ್ಜ್‌ಕಿನ್ ಆ ಪಟ್ಟಿಯಲ್ಲಿಲ್ಲ. ಅಸೈಕ್ಲೊವಿರ್‌ನಂಥ ಮಾತ್ರೆ ಕೆಲಸ ಮಾಡಬೇಕಾದರೆ ವೈರಸ್ ತನ್ನದೇ ಕಿಣ್ವ ಬಳಸಿ ಮರಿ ಹಾಕುತ್ತಿರಬೇಕು. ಮಲಗಿರುವ ಇಬಿವಿಯನ್ನು ಕೋಶ ತಾನು ಕವಲೊಡೆಯುವಾಗ ತನ್ನ ಕಿಣ್ವದಿಂದಲೇ ನಕಲು ಮಾಡಿಕೊಳ್ಳುತ್ತದೆ; ಮಾತ್ರೆಗೆ ಹಿಡಿಯಲು ಏನೂ ಸಿಗದು. ಆದ್ದರಿಂದ ಎಲ್‌ಎಂಪಿ1 ಪಾಸಿಟಿವ್ ಇದ್ದರೂ ಇಲ್ಲದಿದ್ದರೂ ತಮ್ಮನ ಚಿಕಿತ್ಸೆ ಒಂದೇ. ಪಿಇಟಿ-ಸಿಟಿ ಮಾಡಿ ಹಂತ ನೋಡಿ, ಸಾಮಾನ್ಯವಾಗಿ ಎಬಿವಿಡಿ ಎಂಬ ನಾಲ್ಕು ಔಷಧಗಳ ಕೀಮೊ ಕೊಡುತ್ತಾರೆ: 28 ದಿನದ ಸುತ್ತು, 1ನೇ ಮತ್ತು 15ನೇ ದಿನ ಔಷಧ, ಎರಡು ಸುತ್ತಿನ ನಂತರ ಮತ್ತೆ ಪಿಇಟಿ. ಚಿಕಿತ್ಸೆಗೆ ನೇರವಾಗಿ ತಾಗುವುದು ಸಿಡಿ ಸಂಖ್ಯೆಗಳೇ. ಸಿಡಿ20 ಇಲ್ಲದ್ದರಿಂದ ಅದನ್ನೇ ಗುರಿ ಮಾಡುವ ರಿಟುಕ್ಸಿಮ್ಯಾಬ್ ಇವರಿಗೆ ಬೇಡ. ಸಿಡಿ30 ಇರುವುದರಿಂದ ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್ ಎಂಬ ದುಬಾರಿ ಔಷಧದ ದಾರಿ ತೆರೆದಿದೆ. ಅದನ್ನು ಕೊಡುವುದಾದರೆ ಎಬಿವಿಡಿಯಲ್ಲಿರುವ ಬ್ಲಿಯೊಮೈಸಿನ್ ಬಿಡಲೇಬೇಕು, ಎರಡೂ ಸೇರಿದರೆ ಶ್ವಾಸಕೋಶಕ್ಕೆ ಅಪಾಯ.

ಹೆಪಟೈಟಿಸ್, ಎಚ್‌ಐವಿ ಪರೀಕ್ಷೆ ಬರೆದದ್ದು ಅನುಮಾನದಿಂದಲ್ಲ, ಯಾರಿಗಾದರೂ ಬರೆಯಲೇಬೇಕು. ಎಚ್‌ಐವಿ ಇದ್ದವರಲ್ಲಿ ಹಾಡ್ಜ್‌ಕಿನ್ ಹೆಚ್ಚು, ಅವರಲ್ಲಿ ಅದು ಹೆಚ್ಚುಕಡಿಮೆ ಯಾವಾಗಲೂ ಇಬಿವಿ ಪಾಸಿಟಿವ್. ಅಲ್ಲದೆ ರಿಟೊನಾವಿರ್ ಇರುವ ಎಚ್‌ಐವಿ ಮಾತ್ರೆ ಎಬಿವಿಡಿಯಲ್ಲಿರುವ ವಿನ್‌ಬ್ಲಾಸ್ಟಿನ್ ಜೊತೆ ಸೇರಿದರೆ ಬಿಳಿ ರಕ್ತಕಣ ಪಾತಾಳಕ್ಕೆ ಇಳಿಯುತ್ತದೆ. ಮಾತ್ರೆ ಮೊದಲೇ ಬದಲಿಸಬೇಕು. ಹೆಪಟೈಟಿಸ್ ಬಿಗೆ ಈಗಿರುವ ಸೋಂಕು ತೋರುವ ಎಚ್‌ಬಿಎಸ್‌ಎಜಿ ಒಂದೇ ಸಾಲದು, ಹಳೆಯ ಸೋಂಕನ್ನೂ ತೋರುವ ಆ್ಯಂಟಿ-ಎಚ್‌ಬಿಸಿ ಟೋಟಲ್ ಕೂಡ ಬೇಕು. ಹಿಂದೆಂದೋ ಬಂದು ವಾಸಿಯಾದಂತೆ ಕಾಣುವ ವೈರಸ್ ಯಕೃತ್ತಿನಲ್ಲಿ ಅಡಗಿದ್ದು, ಕೀಮೊದಲ್ಲಿ ಎದ್ದು ಪ್ರಾಣಕ್ಕೇ ಬರಬಹುದು. ರಿಟುಕ್ಸಿಮ್ಯಾಬ್ ಪಡೆಯುವ ರೋಗಿಗಳಲ್ಲಿ ಈ ಅಪಾಯ ಎಲ್ಲಕ್ಕಿಂತ ಹೆಚ್ಚು. ಅವರಲ್ಲಿ ಈ ಪರೀಕ್ಷೆ ಪಾಸಿಟಿವ್ ಬಂದವರಿಗೆ ಎಂಟಿಕಾವಿರ್ ಅಥವಾ ಟೆನೊಫೊವಿರ್ ಮೊದಲೇ ಶುರುಮಾಡಿ, ಕೊನೆಯ ಡೋಸ್ ಆದ ಮೇಲೂ ಕನಿಷ್ಠ 12 ತಿಂಗಳು ಮುಂದುವರಿಸುತ್ತಾರೆ. ನೀವು ಕೇಳಿಲ್ಲ, ಆದರೆ 29ರ ವಯಸ್ಸಿಗೆ ಇದನ್ನೂ ಹೇಳಬೇಕು: ಮುಂದೆ ಮಕ್ಕಳಾಗಬೇಕೆಂಬ ಯೋಚನೆಯಿದ್ದರೆ ಕೀಮೊಗೆ ಮೊದಲೇ ವೀರ್ಯ ಸಂಗ್ರಹಿಸಿಡುವ ಬಗ್ಗೆ ವೈದ್ಯರನ್ನು ಕೇಳಲಿ.

ಟಿಬಿ ಮಾತ್ರೆಯ ಎರಡು ತಿಂಗಳು ನಮ್ಮ ದೇಶದಲ್ಲಿ ಹಾಡ್ಜ್‌ಕಿನ್ ರೋಗಿಗಳ ಕಡತಗಳಲ್ಲಿ ಪದೇಪದೇ ಕಾಣುವ ವಿಷಯ. ಹಾಡ್ಜ್‌ಕಿನ್ ಗಂಟಿನಲ್ಲೂ ಗ್ರ್ಯಾನ್ಯುಲೋಮಾ, ಅಂದರೆ ಉರಿಯೂತದ ಕೋಶಗಳ ಗುಂಪು, ಹುಟ್ಟುತ್ತದೆ. ಸೂಜಿ ಅದಕ್ಕೇ ಚುಚ್ಚಿದರೆ ಟಿಬಿಯಂತೆಯೇ ಕಾಣುತ್ತದೆ. ಟಿಬಿ ರೋಗಾಣು ಕಾಣದೆ, ಟಿಬಿಯ ಜೀನು ಹುಡುಕುವ ಸಿಬಿನಾಟ್ ಪರೀಕ್ಷೆ ಪಾಸಿಟಿವ್ ಬರದೆ, ಬರೀ ಗ್ರ್ಯಾನ್ಯುಲೋಮಾ ನೋಡಿ ಮಾತ್ರೆ ಶುರುಮಾಡಿದ್ದರೆ ಮತ್ತು ಆರೆಂಟು ವಾರದಲ್ಲಿ ಗಂಟು ಇಳಿಯದಿದ್ದರೆ ಗಂಟು ತೆಗೆಸಿ ನೋಡಲೇಬೇಕಿತ್ತು, ಅದನ್ನು ಮಾಡಿದ್ದಾರೆ. ಮಾತ್ರೆ ನಿಲ್ಲಿಸುವ ತೀರ್ಮಾನ ನೀವು ತೆಗೆದುಕೊಳ್ಳಬೇಡಿ, ಎರಡೂ ರೋಗ ಒಟ್ಟಿಗಿರುವುದುಂಟು. ತೆಗೆದ ಗಂಟಿನ ಸಿಬಿನಾಟ್ ಮತ್ತು ಕಲ್ಚರ್ ಕಳಿಸಿದ್ದರೇ ಎಂದು ಕೇಳಿ. ರಿಫಾಂಪಿಸಿನ್ ಕೆಲವು ಕೀಮೊ ಔಷಧಗಳನ್ನು ಯಕೃತ್ತಿನಲ್ಲಿ ಬೇಗ ಕರಗಿಸುತ್ತದೆ, ಆದ್ದರಿಂದ ಕ್ಯಾನ್ಸರ್ ವೈದ್ಯರಿಗೆ ಆ ಮಾತ್ರೆಗಳ ಚೀಟಿ ತೋರಿಸಲೇಬೇಕು.

ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿನ ಕಿದ್ವಾಯಿಗೋ ಬೇರೆಡೆಗೋ ಹೋಗುವುದಾದರೆ ವರದಿಯ ಜೆರಾಕ್ಸ್ ಸಾಲದು. ಮೇಣದ ಬ್ಲಾಕ್, ಮೂಲ ಸ್ಲೈಡು, ಐಎಚ್‌ಸಿಯ ಅಷ್ಟೂ ಸ್ಲೈಡು ಲ್ಯಾಬಿನಿಂದ ಸಹಿ ಹಾಕಿ ಪಡೆಯಿರಿ. ಬ್ಲಾಕ್ ಕೊಡದಿದ್ದರೆ ಬಣ್ಣ ಹಾಕದ ಹತ್ತು ಸ್ಲೈಡು, ಅಂಟು ಲೇಪಿಸಿದ ಗಾಜಿನ ಮೇಲೆ, ಕೊಯ್ದುಕೊಡಲು ಕೇಳಿ. ಸಾದಾ ಗಾಜಿನದಾದರೆ ಕುದಿಸುವಾಗ ಪದರ ಎದ್ದುಹೋಗುತ್ತದೆ. ಬ್ಲಾಕಿನ ಮೇಲಿನ ನಂಬರು ವರದಿಯ ನಂಬರಿಗೆ ಹೊಂದುತ್ತದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಆ ಮೇಣ 56ರಿಂದ 60 ಡಿಗ್ರಿಯಲ್ಲಿ ಕರಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡದೆ ಚೀಲದೊಳಗೇ ಇಟ್ಟು ಒಯ್ಯಿರಿ.